ಭಾವನ ಕಡಲಪಾಚಿ, ಅಕ್ಕನ ಮೂಗು

ನೆರೂಳಿನಲ್ಲಿ ನನ್ನ ಭಾವನಷ್ಟು ಅಕ್ಕರೆಯಿಂದ ರೋಗಾಣುಗಳನ್ನು ಸಾಕಿದವರು ಇನ್ನೊಬ್ಬರಿಲ್ಲ. ಕೊಲ್ಲುವುದಕ್ಕೆಂದೇ ಸಾಕುತ್ತಿದ್ದರು ಎಂಬುದು ಬೇರೆ ಮಾತು.

ಭಾವ ಅಂದರೆ ನನ್ನ ಅಕ್ಕನ ಗಂಡ, ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರು. ಓರಗೆಯವರೆಲ್ಲ ನಿವೃತ್ತಿಗೆ ದಿನ ಎಣಿಸುವ ವಯಸ್ಸಿನಲ್ಲಿ ಅವರಿಗೆ ಪಿಎಚ್‌ಡಿಯ ಹುಚ್ಚು ಹಿಡಿಯಿತು. ಕಡಲಪಾಚಿಯ ಸಾರ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂಬುದು ವಿಷಯ. ಕಡಲ ದಂಡೆಯ ಉರಣಕ್ಕೆ ಆಗ ರೈಲು ಇರಲಿಲ್ಲ. ಭಾನುವಾರ ಬಸ್ಸಿನಲ್ಲಿ ಹೋಗಿ, ಇಳಿತದ ಹೊತ್ತಿಗೆ ಬಂಡೆಗಳ ಪಾಚಿ ಕಿತ್ತು ಗೋಣಿಚೀಲದಲ್ಲಿ ತರುತ್ತಿದ್ದರು. ಬರುವಾಗ ಎಂಥ ರಶ್ಶಿನಲ್ಲೂ ಅವರಿಗೆ ಸೀಟು ಸಿಗುತ್ತಿತ್ತು. ಅಕ್ಕಪಕ್ಕದ ಸೀಟುಗಳೂ ಅವರವೇ.

ಪಾಚಿ ಒಣಗುತ್ತಿದ್ದದ್ದು ಅವರ ಹೌಸಿಂಗ್ ಸೊಸೈಟಿಯ ಟೆರೇಸಿನಲ್ಲಿ. ನಾಲ್ಕೇ ದಿನಕ್ಕೆ ಸೆಕ್ರೆಟರಿ ಮೂಗು ಮುಚ್ಚಿಕೊಂಡು ಜಗಳಕ್ಕೆ ಬಂದ. ಭಾವ ಶಾಂತವಾಗಿ, "ಜರಾ ಹಾಥ್ ದಿಖಾಯಿಯೆ" ಎಂದು ಕೈ ತೋರಿಸಲು ಹೇಳಿದರು. ಭವಿಷ್ಯ ಹೇಳುತ್ತಾರೆಂದುಕೊಂಡು ಅವನು ಅಂಗೈ ಚಾಚಿದ. ಭಾವ ಅದರ ಮೇಲೆ ಹತ್ತಿಕಡ್ಡಿ ಉಜ್ಜಿ ಕಾಲೇಜಿನ ಪ್ರಯೋಗಶಾಲೆಗೆ ಒಯ್ದರು. ವಾರದ ನಂತರ ಲಿಫ್ಟಿನಲ್ಲಿ ಸಿಕ್ಕಿದವನಿಗೆ, "ಬಹುತ್ ಬಢಾ ಹೈ. ಅಭೀ ಔರ್ ಬಢೇಗಾ" ಎಂದರು. ತುಂಬ ಬೆಳೆದಿದೆ, ಇನ್ನೂ ಬೆಳೆಯುತ್ತದೆ ಎಂದು ಹೇಳಿದ್ದು ಅವನ ಅಂಗೈಯ ರೋಗಾಣುಗಳ ವಿಚಾರ. ಅವನು ಕೇಳಿಸಿಕೊಂಡದ್ದು ಪ್ರಮೋಷನ್. ಟೆರೇಸಿನ ತಕರಾರು ಅಲ್ಲಿಗೆ ಮುಗಿಯಿತು.

ಪಾಚಿಯ ನಾತಕ್ಕೆ ಮೂಗು ಮುರಿಯುವ ಅಕ್ಕನ ತಕರಾರು ಮುಗಿಯಲಿಲ್ಲ. ನೆಂಟರಿಗೆಂದು ಆಕೆ ಚೈನಾಗ್ರಾಸಿನ ಸಿಹಿ ಮಾಡಿದರೆ ಭಾವ, "ಇದೂ ಪಾಚಿಯದ್ದೇ. ನಾವು ರೋಗಾಣು ಬೆಳೆಸೂದು ಇದರ ಮೇಲೆಯೇ" ಎನ್ನುವರು. ಚಮಚಗಳು ಒಂದೊಂದಾಗಿ ಕೆಳಗಿಳಿಯುವವು. "ಪಾಚಿಯನ್ನೇ ಮದುವೆ ಆಗಬಹುದಿತ್ತು ಇವರು" ಎಂದು ಅಕ್ಕ ಠಾಣೆ ಊರಿನಲ್ಲಿದ್ದ ನನಗೆ ಫೋನು ಮಾಡುವಳು.

ಮೂರನೆಯ ವರ್ಷ ಭಾವ ಗೆದ್ದರು. ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ರೋಗಾಣುಗಳೆಲ್ಲ ಸತ್ತು, ಒಂದು ಖಾಲಿ ಉಂಗುರ ಮೂಡಿತ್ತು. ಆದರೆ ಅವರದು ಅನುಮಾನದ ಪಿಂಡ. ಸಾರ ತೆಗೆಯಲು ಬಳಸಿದ ಸ್ಪಿರಿಟ್ಟನ್ನಷ್ಟೇ ಹಾಕಿ ಇನ್ನೊಂದು ಬಿಲ್ಲೆ ಇಟ್ಟರು. ಅಷ್ಟೇ ದೊಡ್ಡ ಉಂಗುರ ಬಂತು! ಕೊಂದದ್ದು ಪಾಚಿಯಲ್ಲ, ಸ್ಪಿರಿಟ್ಟು.

"ಎರಡನೆಯ ಬಿಲ್ಲೆಯ ವಿಷಯ ಬರೆಯಬೇಡಿ, ಯಾರು ಕೇಳ್ತಾರೆ?" ಎಂದರಂತೆ ಮಾರ್ಗದರ್ಶಕರು.

"ನಾನೇ ಕೇಳ್ತೇನಲ್ಲ" ಎಂದು ಭಾವ ಮನೆಗೆ ಬಂದರು.

ಆ ಶನಿವಾರ ನಾನು ಅಲ್ಲಿದ್ದೆ. ಎಲ್ಲ ಮೊದಲಿನಿಂದ ಆಗಬೇಕು, ಭಾವನ ಮೊಣಕಾಲು ಬೇರೆ ಕೈಕೊಟ್ಟಿತ್ತು. "ಪೀಡೆ ತೊಲಗಿತಲ್ಲಾ ಅಕ್ಕ" ಎಂದೆ. ಅಕ್ಕ ನಗಲಿಲ್ಲ.

ಮುಂದೆ ಪ್ರಬಂಧ ಮುಗಿಯಿತು, ನೂಲಿನಷ್ಟು ತೆಳುವಾದ, ಆದರೆ ಪಾಚಿಯದೇ ಆದ ಉಂಗುರದೊಂದಿಗೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಆ ಶನಿವಾರದ ಮರುದಿನದ ಬೆಳಿಗ್ಗೆ. ಅಕ್ಕ ಹಳೆಯ ಸೀರೆಯುಟ್ಟು, ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏಳಿ, ಇಳಿತ ಉಂಟು. ನೀವು ದಡದಲ್ಲಿ ಕೂತು ತೋರಿಸಿದರೆ ಸಾಕು."

ನಾನೂ ಜೊತೆಗೆ ಹೊರಟೆ. ಉರಣದಲ್ಲಿ ತೋರಿಸುವ ಅಗತ್ಯವೇ ಬೀಳಲಿಲ್ಲ. ಮೊಣಕಾಲು ಮಟ್ಟದ ನೀರಿಗಿಳಿದ ಅಕ್ಕ ಹಸಿರನ್ನು ಬಿಟ್ಟು, ಕೆಂಪನ್ನು ಬಿಟ್ಟು, ಒಂದು ಕಂದು ಗೊಂಚಲನ್ನು ಎತ್ತಿ ಹಿಡಿದಳು. "ನಿಮ್ಮ ಆ ಸರ್ಗಾಸಮ್ ಪಾಚಿ ಅಂದ್ರೆ ಇದೇ ಅಲ್ವಾ? ಬುಡ ಸಮೇತ ಬೇಕಾ?"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟು ಒರೆಸಿದರೂ ಅದು ಸ್ವಚ್ಛವಾಗಲಿಲ್ಲ.

"ಬುಡ ಬೇಡ" ಎಂದರು. "ಬುಡ ಬಂಡೆಯಲ್ಲೇ ಇದ್ರೆ ಮತ್ತೆ ಬೆಳೀತದೆ."