ಬಾಗಿಲು ನೋಡುವ ಹಿರಿಯರು

ಅಣ್ಣಿಗೇರಿ ತಾಲೂಕಿನ ನಮ್ಮ ಗ್ರಾಮದ ಮಹಿಳಾ ಶೌಚಾಲಯದ ಬಾಗಿಲು ಹಿರಿಯರು ಕೂಡುವ ಕಟ್ಟೆಗೆ ನೇರ ಎದುರಿಗಿದೆ. ಉದ್ಘಾಟನೆಯ ಫೋಟೋದಲ್ಲಿ ಬಾಗಿಲೂ ಗಣ್ಯರೂ ಒಟ್ಟಿಗೆ ಬರಬೇಕೆಂದು ವಿನ್ಯಾಸ ಹಾಗೆ ಮಂಜೂರಾಗಿದೆ. ಫೋಟೋ ಚೆನ್ನಾಗಿ ಬಂದಿದೆ.

ಮೊದಲು ಅಲ್ಲಿ ಜಾಲಿಕಂಟಿ ಇತ್ತು. ಹೆಂಗಸರು ಅದರ ಮರೆಗೆ ಹೋಗುತ್ತಿದ್ದರು. ಶೌಚಾಲಯ ಕಟ್ಟಲು ಅದನ್ನು ಕಡಿಯಲಾಯಿತು. ಮಾವಂದಿರ ಸಾಲಿನ ಮುಂದೆ ಆ ಬಾಗಿಲು ಹೊಗಲು ಯಾವ ಸೊಸೆಗೂ ಧೈರ್ಯವಿಲ್ಲ. ಕತ್ತಲಾದ ಮೇಲೆ ಎಲ್ಲರೂ ಕಟ್ಟೆಯ ಹಿಂದಿನ ಹತ್ತಿ ಹೊಲಕ್ಕೆ ಹೋಗತೊಡಗಿದರು. ಅಂದಾನೆಪ್ಪನವರ ಸೊಸೆ ಲಕ್ಷ್ಮವ್ವನಿಗೆ ಸಕ್ಕರೆ ಕಾಯಿಲೆ, ಕತ್ತಲವರೆಗೆ ತಡೆಯುವುದಾಗದು. ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಒಂದು ದಿನ ಒಲೆಯ ಮುಂದೆ ತಲೆ ತಿರುಗಿ ಬಿದ್ದಳು. ಎದ್ದವಳು ಪಂಚಾಯಿತಿಗೆ ಹೋದಳು.

"ಬಾಗಲಾ ಹಿಂದಿನ ಕಡೆ ಇಡ್ರಿ."

"ಬಾಗಲಾ ಸರಕಾರದ್ದ ಐತಿ ಯವ್ವಾ, ಮುಟ್ಟಾಕ ಬರಂಗಿಲ್ಲ," ಎಂದರು ಅಧ್ಯಕ್ಷ ಶಿದ್ಲಿಂಗಪ್ಪ. "ಹಿರ್ಯಾರನ್ನ ತಿರುಗಸೂಣು."

ಠರಾವಾಯಿತು: ಶೌಚಾಲಯಕ್ಕೆ ಹೋಗುವ ಮಹಿಳೆ ಗಂಟೆ ಬಾರಿಸತಕ್ಕದ್ದು, ಗಂಟೆ ಕೇಳಿದ ಹಿರಿಯರು ಹಿಂದಕ್ಕೆ ಮುಖ ಮಾಡತಕ್ಕದ್ದು, ತಿರುಗುವ ಶ್ರಮಕ್ಕೆ ಗೌರವಧನ ಪಡೆಯತಕ್ಕದ್ದು.

"ಗಂಟಿ ಬಾರಿಸಿ ಹೋಗಾಕ ಅದೇನ್ ಗುಡಿಯೇನ್ರಿ?" ಎಂದಳು ನೆರೆಮನೆಯ ರಾಮವ್ವ. ಪ್ರಶ್ನೆ ಸಭೆಯ ವಿಷಯಪಟ್ಟಿಯಲ್ಲಿ ಇರಲಿಲ್ಲ.

ಯಾರೂ ಬಾರಿಸದ್ದರಿಂದ ಒಂದು ಮಧ್ಯಾಹ್ನ ಅಧ್ಯಕ್ಷರೇ ಗಂಟೆ ಬಾರಿಸಿ ಯೋಜನೆಗೆ ಚಾಲನೆ ನೀಡಿದರು. ಹಿರಿಯರು ಶಿಸ್ತಿನಿಂದ ಹಿಂದಕ್ಕೆ ತಿರುಗಿದರು. ತಡೆಯಲಾರದೆ ಹತ್ತಿಯ ನಡುವೆ ಕೂತಿದ್ದ ಲಕ್ಷ್ಮವ್ವ ದಡಕ್ಕನೆ ಎದ್ದು ನಿಂತಳು. ಎದುರಿಗೆ ಊರಿನ ಅಷ್ಟೂ ಹಿರಿತನ.

"ಮಾವಾರ, ಆ ಕಡೆ ನೋಡ್ರಿ!"

"ಆ ಕಡೆ ನೋಡಾಕ ಬರಂಗಿಲ್ಲವಾ," ಎಂದರು ಅಂದಾನೆಪ್ಪ. "ಠರಾವ್ ಆಗೇತಿ."

ಠರಾವು ತಿದ್ದಲಾಯಿತು. ಗಂಟೆ ರದ್ದು, ಹಿರಿಯರು ಬೆಳಗಿನಿಂದ ಸಂಜೆಯವರೆಗೆ ಶೌಚಾಲಯದ ಬಾಗಿಲನ್ನೇ ನೋಡುತ್ತಿರತಕ್ಕದ್ದು. ನೋಡುವುದು ತಿರುಗುವುದಕ್ಕಿಂತ ದೀರ್ಘ ಕೆಲಸವಾದ್ದರಿಂದ ಗೌರವಧನ ದುಪ್ಪಟ್ಟಾಯಿತು. ಹೊಲ ಹಗಲಿಗೂ ನಿರಾತಂಕವಾಯಿತು. ಶೌಚಾಲಯದಿಂದ ಮಹಿಳೆಯರ ಮಾನ ಉಳಿದಿದೆ ಎಂದು ಮೇಲಕ್ಕೆ ವರದಿ ಹೋಯಿತು. ಅದು ಸುಳ್ಳಲ್ಲ.

ಮುಚ್ಚಿದ ಬಾಗಿಲನ್ನೇ ನೋಡಿ ಹಿರಿಯರಿಗೆ ಬೇಸರ ಬಂತು. ಕುತ್ತಿಗೆಗಳು ಅತ್ತಿತ್ತ ಹೊರಳತೊಡಗಿದವು. ಪಂಚಾಯಿತಿ ತುರ್ತು ಸಭೆ ಸೇರಿ ಆ ಬಾಗಿಲಿಗೇ ಒಂದು ಟಿ.ವಿ. ಜಡಿಸಿತು.

ಲಕ್ಷ್ಮವ್ವ ಈಗ ಬೆಳಿಗ್ಗೆ ಚಹಾ ಕೊಡುವಾಗಲೇ ಕೇಳುತ್ತಾಳೆ: "ಮಾವಾರ, ಇವತ್ತ ಮ್ಯಾಚ್ ಐತೇನ್ರಿ?"

"ಐತವಾ, ಸಂಜೀತನಾ."

ಅವಳು ಇನ್ನೊಂದು ತಂಬಿಗೆ ನೀರು ಕುಡಿಯುತ್ತಾಳೆ.