ಲುಂಗಿಯಲ್ಲಿ ಹೊಲಿದ ಸ್ಕಾಟ್ಲೆಂಡ್

ಡ್ಯೂಸೆಲ್ಡಾರ್ಫಿನಲ್ಲಿ ನನ್ನ ಜೊತೆ ಒಂದೇ ಮನೆಯಲ್ಲಿದ್ದ ಮಹಾನುಭಾವ ಸ್ಕಾಟ್ಲೆಂಡಿನವನು. ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಹುಟ್ಟಿದ್ದು ಮಂಗಳೂರು, ಪಾಸ್‌ಪೋರ್ಟಿನ ಮೇಲೆ ಅಶೋಕಸ್ತಂಭ, ಬಣ್ಣದಲ್ಲಿ ನನಗಿಂತ ಒಂದು ಗುಲಗಂಜಿ ಹೆಚ್ಚೇ ಕಪ್ಪು. ಆದರೂ "ಎಲ್ಲಿಯವರು?" ಎಂದು ಯಾರಾದರೂ ಕೇಳಿದರೆ ಎದೆ ಸೆಟೆಸಿ "ಸ್ಕಾಟ್ಲೆಂಡ್" ಎನ್ನುತ್ತಿದ್ದ! ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ನಮ್ಮಂಥ ಕಂಪ್ಯೂಟರ್ ಮಂದಿಯನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಅವರು ಕರೆದದ್ದು ಭಾರತೀಯನನ್ನು, ಬಂದಿಳಿದದ್ದು ಸ್ಕಾಟಿಷ್ ದೊರೆ! ಧಾರವಾಡದವನಾದ ನಾನು ಅವನಿಗೆ 'ದೊರೆ' ಎಂದೇ ಹೆಸರಿಟ್ಟೆ. ಅವನು ಅದನ್ನು ಬಿರುದೆಂದು ಸ್ವೀಕರಿಸಿದ.

ಕಥೆ ಇಷ್ಟು. ಅವನ ಅಜ್ಜಿಯ ಅಪ್ಪ ಸ್ಕಾಟ್ಲೆಂಡಿನ ಇಂಜಿನಿಯರನಂತೆ. ಕರಾವಳಿಯ ಯಾವುದೋ ಹೊಳೆಗೆ ಸೇತುವೆ ಕಟ್ಟಲು ಬಂದವನು ಅಲ್ಲೇ ಮದುವೆಯಾದ. ಸೇತುವೆ ಮುಗಿಯಿತು. ಅಜ್ಜಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅವನು ರಜೆಯ ಮೇಲೆ ಊರಿಗೆ ಹೋದ. ಆ ರಜೆ ಇನ್ನೂ ಮುಗಿದಿಲ್ಲ!

"ಅಂದ್ರ ನಿನ್ನ ಮೈಯಾಗ ಸ್ಕಾಟ್ಲೆಂಡ್ ಎಂಟರಾಗ ಒಂದು ಪಾಲು ಅಷ್ಟ ಅದ ಅಲ್ಲೇನೋ?" ಎಂದೆ.

"ಹಾಲಿಗೆ ಹೆಪ್ಪು ಎಷ್ಟು ಹಾಕ್ತಾರೆ ಮಾರಾಯಾ? ಒಂದು ಚಮಚ. ಮರುದಿನ ಅದನ್ನು ಹಾಲು ಅಂತಾರಾ, ಮೊಸರು ಅಂತಾರಾ?"

ವಾದದಲ್ಲಿ ಅವನನ್ನು ಗೆದ್ದವರಿಲ್ಲ.

ಭಾನುವಾರ ಬಂತೆಂದರೆ ರೈನ್ ನದಿಯ ದಂಡೆಗೆ ಎಳೆದೊಯ್ಯುತ್ತಿದ್ದ. ಅಂಗಡಿಗಳೆಲ್ಲ ಮುಚ್ಚಿ ಊರೇ ತೂಕಡಿಸುವ ದಿನ. ಮಂಜಿನಲ್ಲಿ ಆಚೆ ದಡ ಕರಗತೊಡಗಿದರೆ ದೊರೆಯ ಕಣ್ಣು ಅರ್ಧ ಮುಚ್ಚುತ್ತಿತ್ತು. "ಅಲ್ಲಿ ಗುಡ್ಡ ಕಾಣ್ತದಾ? ಕುರಿ ಮೇಯ್ತಾ ಉಂಟು ನೋಡು. ಕಲ್ಲಿನ ಮನೆ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ." ನನಗೆ ಕಾಣುತ್ತಿದ್ದುದು ಕಲ್ಲಿದ್ದಲು ಹೊತ್ತು ಹೋಗುವ ದೋಣಿ ಮಾತ್ರ. ಆದರೂ ಕೇಳುತ್ತ ಕೇಳುತ್ತ ನನಗೂ ಎಲ್ಲೋ ಕುರಿಯ ಕೊರಳ ಗಂಟೆ ಕೇಳಿಸಿದಂತಾಗುತ್ತಿತ್ತು, ಜೊತೆಗೆ ನಿದ್ದೆಯೂ ಬರುತ್ತಿತ್ತು! ಕೊನೆಗೆ ಅವನು ರೈನಿನ ಸೇತುವೆಯನ್ನು ಮೇಲಿಂದ ಕೆಳಗೆ ದಿಟ್ಟಿಸಿ, "ನಮ್ಮವರು ಕಟ್ಟಿದ್ದರೆ ಇನ್ನೂ ಚಂದ ಇರ್ತಿತ್ತು" ಎಂದು ಎದ್ದು ಹೊರಡುತ್ತಿದ್ದ.

ಅಜ್ಜಿ ಇರುವಷ್ಟರಲ್ಲಿ ಒಮ್ಮೆ ಆ ಊರು ನೋಡಿ ಬರಬೇಕು ಎಂಬುದು ಅವನ ಒಂದೇ ಆಸೆ. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಆದರೆ ನಮ್ಮ ಪಾಸ್‌ಪೋರ್ಟಿಗೆ ಬ್ರಿಟನ್ನಿನ ವೀಸಾ ಬೇಕಲ್ಲ! ಹೋದ. ವೀಸಾ ಕಚೇರಿಯ ಹೆಂಗಸು "ಯಾಕೆ ಹೋಗುತ್ತೀರಿ?" ಎಂದು ಕೇಳಿದಳಂತೆ.

"ನನ್ನ ಊರಿಗೆ."

"ವಾಪಸ್ ಬರುವುದು ಯಾವಾಗ?"

"ಊರಿಗೆ ಹೋಗುವವರನ್ನು ಹಾಗೆಲ್ಲ ಕೇಳ್ತಾರಾ?"

ವೀಸಾ ಸಿಕ್ಕಿತೇ? ನೀವೇ ಹೇಳಿ!

ಆ ಅವಮಾನಕ್ಕೆ ಉತ್ತರವಾಗಿ ಅವನು ಕಿಲ್ಟ್ ಹೊಲಿಸಿದ. ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ಚೌಕುಳಿ ನೆರಿಗೆಯ ಲಂಗ. ಬಟ್ಟೆ ಎಲ್ಲಿಂದ? ಅಮ್ಮ ಮಂಗಳೂರಿನಿಂದ ಕಳಿಸಿದ್ದ ಚೌಕುಳಿ ಲುಂಗಿಗಳು ಇದ್ದವಲ್ಲ! ನಮ್ಮ ಬೀದಿಯ ತುರ್ಕಿ ಟೈಲರ್ ಎರಡು ಲುಂಗಿ ಕೂಡಿಸಿ ನೆರಿಗೆ ಹಿಡಿದುಕೊಟ್ಟ.

"ಅಲ್ಲೋ ದೊರಿ, ಕಡೀಕ ಉಟ್ಟಿದ್ದು ಲುಂಗೀನ ಆತಲ್ಲೋ!"

"ಚೌಕುಳಿ ಯಾರದ್ದಾದರೇನು ಮಾರಾಯಾ, ನೆರಿಗೆ ನಮ್ಮದು."

ಅದನ್ನು ಉಟ್ಟು ಆಫೀಸಿಗೆ ಹೊರಟ ದಿನವಾದರೂ ಯಾವುದು? ಕಾರ್ನಿವಲ್! ಡ್ಯೂಸೆಲ್ಡಾರ್ಫಿನಲ್ಲಿ ಊರಿಗೆ ಊರೇ ವೇಷ ಕಟ್ಟುವ ದಿನ. ಮ್ಯಾನೇಜರ್ ಕಡಲ್ಗಳ್ಳನಾಗಿ ಬಂದಿದ್ದರು, ರಿಸೆಪ್ಶನ್ನಿನ ಹುಡುಗಿ ಜೇನುಹುಳುವಾಗಿದ್ದಳು. ಉತ್ತಮ ವೇಷಕ್ಕೆ ಮೊದಲ ಬಹುಮಾನ ನಮ್ಮ ದೊರೆಗೆ! "ಇದು ವೇಷ ಅಲ್ಲ!" ಎಂದು ಅವನು ಕೂಗಿದಷ್ಟೂ ಚಪ್ಪಾಳೆ ಜೋರಾಯಿತು.

ಚಪ್ಪಾಳೆ ತಟ್ಟಿದವರಲ್ಲಿ ಪೇಟ ಸುತ್ತಿದ ಒಬ್ಬ ಸರದಾರ್ಜಿ ಇದ್ದ, ಆ ವಾರವಷ್ಟೇ ಕೆಲಸಕ್ಕೆ ಸೇರಿದವನು. ನಮ್ಮ ದೇಶದವನೆಂಬ ಸಲಿಗೆಯಲ್ಲಿ ದೊರೆ, "ಪಂಜಾಬಿನಲ್ಲಿ ಯಾವ ಊರು?" ಎಂದು ಕೇಳಿದ.

"ಪಂಜಾಬನ್ನು ನಾನು ನೋಡೇ ಇಲ್ಲ. ನಾನು ಗ್ಲಾಸ್ಗೋದವನು. ಸ್ಕಾಟಿಷ್."

"ಅಲ್ಲ, ಮೂಲ?"

"ಮೂಲವೂ ಗ್ಲಾಸ್ಗೋ. ಹುಟ್ಟಿದ್ದೇ ಅಲ್ಲಿ."

ದೊರೆಯ ಮುಖ ನೋಡಬೇಕಿತ್ತು! ತೊಟ್ಟು ಸ್ಕಾಟಿಷ್ ರಕ್ತವಿಲ್ಲದವನಿಗೆ ಇಡೀ ದೇಶ, ರಕ್ತವಿದ್ದವನಿಗೆ ಬಹುಮಾನದ ಚಾಕಲೇಟ್ ಡಬ್ಬಿ! "ನೀನೆಲ್ಲಿಯವನು?" ಎಂದು ಸರದಾರ್ಜಿ ತಿರುಗಿ ಕೇಳಿದ. "ಮಂಗಳೂರು" ಎಂದ ದೊರೆ, ಮೊದಲ ಸಲ. ಆ ಸಣ್ಣ ದನಿ ಕೇಳಿ, ದಿನಾ ಅವನ ಕಾಲೆಳೆಯುತ್ತಿದ್ದ ನಾನೇ ಅವನ ಪಕ್ಕಕ್ಕೆ ಹೋಗಿ ನಿಂತೆ.

ಮುಂದಿನ ಭಾನುವಾರ ಸರದಾರ್ಜಿಯೂ ನಮ್ಮೊಡನೆ ರೈನ್ ದಂಡೆಗೆ ಬಂದ. ಕುರಿ, ಗುಡ್ಡ, ಕಲ್ಲಿನ ಮನೆ ಎಲ್ಲವನ್ನೂ ಸಮಾಧಾನದಿಂದ ಕೇಳಿದ. ಆಮೇಲೆ, "ರಕ್ತ, ಪಾಸ್‌ಪೋರ್ಟು ಹಾಗಿರಲಿ. ನಮ್ಮೂರಿನಿಂದ ನಿನಗೆ ಬೇಕಾದದ್ದಾದರೂ ಏನು?" ಎಂದ. ಇಷ್ಟು ದಿನ ಜೊತೆಗಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ದೊರೆ ನದಿಯ ಕಡೆ ತಿರುಗಿ ಹೇಳಿದ. "ನನಗೇನೂ ಬೇಡ. ಅಜ್ಜಿಗೆ. ಶಾಲೆಯಲ್ಲಿ ಅವಳನ್ನು ಬಿಟ್ಟುಹೋದವನ ಮಗಳು ಅಂತ ಕರೀತಿದ್ರಂತೆ. ಎಂಬತ್ತು ದಾಟಿತು, ಹಾಸಿಗೆ ಹಿಡಿದಿದ್ದಾಳೆ. ಅಲ್ಲಿಂದ ಯಾರಾದರೂ ಬಂದ್ರಾ ಅಂತ ಈಗಲೂ ಕೇಳ್ತಾಳೆ."

ಸರದಾರ್ಜಿ ಎದ್ದು ನಿಂತ. "ಫೋನ್ ಮಾಡು" ಎಂದ.

ದಂಡೆಯ ಮೇಲಿದ್ದ ಟೆಲಿಫೋನ್ ಬೂತಿನೊಳಗೆ ಮೂವರೂ ತುರುಕಿಕೊಂಡೆವು. "ಅಜ್ಜಿ, ಸ್ಕಾಟ್ಲೆಂಡಿನವರೊಬ್ಬರು ಮಾತಾಡ್ತಾರೆ" ಎಂದು ಹೇಳಿ ದೊರೆ ರಿಸೀವರನ್ನು ಚಾಚಿದ. ಸರದಾರ್ಜಿ ರಿಸೀವರ್ ತೆಗೆದುಕೊಂಡು ತನ್ನ ಗ್ಲಾಸ್ಗೋದ ಇಂಗ್ಲಿಷಿನಲ್ಲಿ ನಿಧಾನವಾಗಿ, "ಅಜ್ಜಿ, ನಾನು ನಿಮ್ಮ ಅಪ್ಪನ ನಾಡಿನವನು" ಎಂದ.

ದೊರೆ ರಿಸೀವರಿನತ್ತ ಬಾಗಿ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದ. ಆಮೇಲೆ ನನಗೂ ಕೇಳುವಷ್ಟು ಗಟ್ಟಿಯಾಗಿ ಮುದಿ ದನಿಯೊಂದು ಬಂತು. "ಇಷ್ಟು ತಡ ಯಾಕೆ ಮಾಡಿದ್ರಿ?"

ದೊರೆ ಗಾಜಿನ ಕಡೆ ಮುಖ ತಿರುಗಿಸಿಬಿಟ್ಟ. ಅರ್ಥ ನಾನೇ ಹೇಳಬೇಕಾಯಿತು. ಸರದಾರ್ಜಿ ಕಣ್ಣು ಮುಚ್ಚಿದ. "ತಪ್ಪು ನಮ್ಮದು ಅಂತ ಹೇಳು. ನಾವೆಲ್ಲರೂ ಕ್ಷಮೆ ಕೇಳುತ್ತೇವೆ ಅಂತ ಹೇಳು."

ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಅತ್ತರು. ಆಮೇಲೆ, "ಆಯ್ತು, ಈಗಲಾದರೂ ಮಾತಾಡಿದ್ರಲ್ಲ. ನಮ್ಮ ಹುಡುಗ ಅಲ್ಲಿ ಒಬ್ಬನೇ ಇದ್ದಾನೆ. ನೀವು ಮನೆಯವರು, ಸ್ವಲ್ಪ ನೋಡಿಕೊಳ್ಳಿ" ಎಂದರು.

ಅದನ್ನೂ ಇಂಗ್ಲಿಷಿಗೆ ತಂದೆ. ಸರದಾರ್ಜಿ ದೊರೆಯ ಹೆಗಲ ಮೇಲೆ ಕೈಯಿಟ್ಟ. "ನೋಡಿಕೊಳ್ಳುತ್ತೇವೆ ಅಂತ ಹೇಳು. ಇವನು ನಮ್ಮವನು."