ಭಾವನ ಬಿಸಿಗಾಳಿ ಟ್ರ್ಯಾಕ್ಟರು

ನಮ್ಮ ಭಾವನ ಕೈಗೆ ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕೊಟ್ಟರೆ ಅವರಿಗೆ ಅವಮಾನ ಮಾಡಿದ ಹಾಗೆ. ಆ ಮನೆಯಲ್ಲಿ ಇದುವರೆಗೆ ರಿಪೇರಿಯಾಗದೆ ಉಳಿದಿರುವುದು ನಮ್ಮಕ್ಕ ಒಬ್ಬಳೇ, ಅದೂ ಅವಳು ಬಗ್ಗದ ಕಾರಣ! ಭಾವ ಧಾರವಾಡದವರು, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ವಾರಕ್ಕೆ ಐದು ದಿನ ಜನರನ್ನು ಮಲಗಿಸುವುದು ಅವರ ಕೆಲಸ. ಶನಿವಾರ ಮಲಗಿದ್ದವನನ್ನು ಎಬ್ಬಿಸುವುದು ಹವ್ಯಾಸ. ಮಲಗಿದ್ದವನು ನಾನು. ಕೊಲಿಂಡೇಲಿನ ನನ್ನ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಏಳಕ್ಕೆ ಫೋನ್ ಬಂದರೆ ಎತ್ತುವ ಮುಂಚೆಯೇ ನನಗೆ ಸಿಟ್ಟು ಬಂದಿರುತ್ತದೆ.

ಆ ವರ್ಷದ ಹುಚ್ಚು ಒಂದು ಪುಟ್ಟ ಟ್ರ್ಯಾಕ್ಟರು. ರೇನರ್ಸ್ ಲೇನಿನ ಹತ್ತಿರ ನಮ್ಮ ಕನ್ನಡದವರು ಭಾನುವಾರ ಕ್ರಿಕೆಟ್ ಆಡುವ ಮೈದಾನವಿತ್ತು. ಅದನ್ನು ನಲವತ್ತು ವರ್ಷದಿಂದ ನೋಡಿಕೊಂಡಿದ್ದವರು ಆರ್ಥರ್ ಅಜ್ಜ. ಹುಲ್ಲು ಕತ್ತರಿಸುವುದು, ಎಲೆ ಬಾಚುವುದು ಎಲ್ಲವೂ ಆ ತೋಟದ ಟ್ರ್ಯಾಕ್ಟರಿನಲ್ಲಿ ಕೂತೇ. ಆ ಬೇಸಿಗೆ ಅಜ್ಜನಿಗೆ ಎದೆಯ ಆಪರೇಷನ್ ಆಯಿತು. ಅರಿವಳಿಕೆ ಕೊಟ್ಟವರು ಭಾವನೇ. ಆಮೇಲೆ ತಣ್ಣನೆ ಗಾಳಿ ತಾಗಿದರೆ ಸಾಕು, ಅಜ್ಜನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಟ್ರ್ಯಾಕ್ಟರಿಗೆ ತಗಡು ಮತ್ತು ಪ್ಲಾಸ್ಟಿಕ್ಕಿನ ಕ್ಯಾಬಿನ್ನೇನೋ ಇತ್ತು, ಒಳಗೆ ಮಾತ್ರ ಫ್ರಿಜ್ಜಿನ ಚಳಿ. ಅಕ್ಟೋಬರ್ ಮುಗಿಯುವುದರೊಳಗೆ ಅದು ಬೆಚ್ಚಗಾಗದಿದ್ದರೆ ಅಜ್ಜ ಮನೆಯಲ್ಲಿರಲಿ, ಕಂಟ್ರಾಕ್ಟರನ್ನು ಕರೆಸುತ್ತೇವೆ ಎಂದರು ಮೈದಾನದ ಕ್ಲಬ್ಬಿನ ಕಾರ್ಯದರ್ಶಿ. ಅಜ್ಜ ಟೋಪಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಭಾವ ತಕ್ಷಣ ಹೀಟರ್ ಕೂರಿಸಿಕೊಡುವುದಾಗಿ ಮಾತು ಕೊಟ್ಟುಬಿಟ್ಟರು. ಯಾರ ಶನಿವಾರಗಳನ್ನು ನಂಬಿಕೊಂಡು?

ದಪ್ಪ ಕೋಟು, ಬಿಸಿನೀರಿನ ಚೀಲ ಎಂದೆಲ್ಲ ನಾನು ಸಲಹೆ ಕೊಟ್ಟು ನೋಡಿದೆ.

“ಎಂಜಿನ್ ತಣ್ಣಗ ಇರ್ಲಿ ಅಂತ ಅದರಾಗ ನೀರು ಸುತ್ತತದ. ಆ ನೀರಿನ ಬಿಸಿಯೆಲ್ಲಾ ಸುಮ್ನ ಗಾಳಿಗೆ ಹೊಂಟದ, ಪಕ್ಕದಾಗ ಕೂತು ಅಜ್ಜ ನಡಗಲಿಕ್ಕತ್ತಾನ. ಇದ್ಯಾವ ನ್ಯಾಯ?” ಎಂದರು ಭಾವ.

ನ್ಯಾಯ ಒದಗಿಸಲು ಪಾರ್ಕ್ ರಾಯಲ್ ಕಡೆಯ ಗುಜರಿಗೆ ಹೋದೆವು. ಅರ್ಧ ದಿನ ಮೊಣಕಾಲೂರಿ ಹಳೇ ಕಾರೊಂದರ ಹೀಟರ್ ಬಿಚ್ಚಿದವನು ನಾನು. ಭಾವ ಟಾರ್ಚು ಹಿಡಿದು, ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರಿಗೆ ಹೇಳಲಾಗದೆ ಉಳಿದ ಉಪದೇಶವನ್ನೆಲ್ಲ ನನಗೆ ಹೇಳಿದರು. ಅದು ಸೋರುತ್ತದೆಯೇ ಎಂಬ ಪರೀಕ್ಷೆ ನಡೆದದ್ದು ಅಕ್ಕನ ಬಾತ್ ಟಬ್ಬಿನಲ್ಲಿ. ಸೋರಲಿಲ್ಲ, ಆದರೆ ಒಳಗೆ ಉಳಿದಿದ್ದ, ಎಂಜಿನ್ ತಣಿಸುವ ಹಸಿರು ಕೂಲೆಂಟು ನೀರು, ಕಪ್ಪು ಜಿಡ್ಡು ಟಬ್ಬಿನ ತುಂಬ ಹರಡಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದಳು. ಅಂದು ನಮ್ಮಿಬ್ಬರ ಊಟಕ್ಕೆ ಬರೀ ಬ್ರೆಡ್ಡು.

ಎಂಜಿನ್ನಿನ ಬಿಸಿನೀರು ಹೀಟರಿಗೆ ಹೋಗಿಬರಲು ಎರಡು ರಬ್ಬರ್ ಪೈಪು ಕ್ಯಾಬಿನ್ನಿಗೆ ಬಂದವು, ಹೀಟರಿನ ಹಿಂದೆ ಫ್ಯಾನು ಕೂತಿತು. ಚಾಲೂ ಮಾಡಲು ಆಯುಧಪೂಜೆಗಿಂತ ಒಳ್ಳೆಯ ದಿನ ಬೇಕೆ? ಮುನಿದಿದ್ದ ಅಕ್ಕನೂ ಕರಗಿ, ಚೆಂಡುಹೂವು, ನಿಂಬೆಹಣ್ಣು ತಂದಳು. ಬಾಳೆಕಂದು ಸಿಗಲಿಲ್ಲವೆಂದು ಭಾವ ಒಂದು ಕಟ್ಟು ಬಾಳೆಎಲೆಯನ್ನು ಟ್ರ್ಯಾಕ್ಟರಿನ ಮೂತಿಗೆ ಅಡ್ಡಡ್ಡ ಬಿಗಿದು, ಅದರ ಮೇಲೆ ಹಾರ ಸುತ್ತಿದರು. ನೋಡಲು ಬಂದ ಕಾರ್ಯದರ್ಶಿಯ ಹಣೆಗೂ ಕುಂಕುಮ ಬಿತ್ತು. ನಿಂಬೆಹಣ್ಣು ಚಕ್ರದಡಿ ಚಪ್ಪಟೆಯಾಯಿತು, ಭಾವ ಮೈದಾನ ಸುತ್ತತೊಡಗಿದರು. ಒಳಗೆ ಎಂಥ ಬಿಸಿ ಅಂತೀರಿ! ಮೊದಲ ಸುತ್ತಿಗೆ ಸ್ವೆಟರ್ ಬಿಚ್ಚಿದರು, ಎರಡನೆಯದಕ್ಕೆ ಅಂಗಿಯ ಗುಂಡಿ ಬಿಚ್ಚಿದರು, ಮೂರನೆಯದಕ್ಕೆ ಎಂಜಿನ್ ಬುಸ್ಸೆಂದು ಹಬೆ ಕಾರಿ ನಿಂತುಬಿಟ್ಟಿತು.

ನಾವೆಲ್ಲ ಪೈಪು ತಡಕುತ್ತಿದ್ದಾಗ ಆರ್ಥರ್ ಅಜ್ಜ ನಿಧಾನವಾಗಿ ಬಂದು ಬಾಳೆಎಲೆ ಸರಿಸಿದರು. ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯನ್ನೇ ನಾವು ಭಕ್ತಿಯಿಂದ ಮುಚ್ಚಿಬಿಟ್ಟಿದ್ದೆವು. ಡಾಕ್ಟರೇ, ಪಾಪ ಇದಕ್ಕೆ ಉಸಿರಾಡಲು ಆಗುತ್ತಿಲ್ಲ, ಎಂದರು ಅಜ್ಜ ತಮ್ಮ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ಪರರ ಉಸಿರು ಕಾಯ್ದ ಡಾಕ್ಟರಿಗೆ ಈ ಮಾತು! ಕಾರ್ಯದರ್ಶಿ ಕುಂಕುಮ ಒರೆಸಿಕೊಂಡು, ಇನ್ನು ಉಳಿದಿರುವುದು ಒಂದೇ ವಾರ ಎಂದು ನೆನಪಿಸಿ ಹೋದರು.

ತಣ್ಣಗಾದ ಎಂಜಿನ್ನಿಗೆ ಮತ್ತೆ ಕೂಲೆಂಟು ತುಂಬಿದರೆ ಈಗ ಹೀಟರಿನಿಂದ ಬರುವುದು ಬರೀ ತಣ್ಣನೆ ಗಾಳಿ. ಹೀಟರ್ ಎತ್ತರದಲ್ಲಿದ್ದುದರಿಂದ ಪೈಪಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಬಿಸಿನೀರಿಗೆ ದಾರಿಯೇ ಇರಲಿಲ್ಲ. ಮುಂದಿನ ಶನಿವಾರ ಭಾವ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಎಂಜಿನ್ ಚಾಲೂ ಮಾಡಿ, ಪೈಪು ಹಿಸುಕುತ್ತ ಕೂರಲು ನನಗೆ ಅಪ್ಪಣೆ ಕೊಟ್ಟರು. ಸುರಿಯುವ ಮಳೆಯಲ್ಲಿ ಎಮ್ಮೆಯ ಹಾಲು ಕರೆಯುವವನ ಹಾಗೆ ಕೂತು ಹಿಸುಕಿದೆ. ಕಡೆಗೂ ಗುಳುಗುಳು ಎಂದು ಗುಳ್ಳೆ ಹೊರಬಿದ್ದು ಬಿಸಿಗಾಳಿ ಬೀಸಿತು. ಕಾರ್ಯದರ್ಶಿ ಒಳಗೆ ಕೂತರು, ಕೋಟು ಬಿಚ್ಚಿದರು, ಚಳಿಗಾಲದಲ್ಲೂ ಅಜ್ಜನೇ ಕೆಲಸ ಮಾಡಲಿ ಎಂದರು.

ಅಜ್ಜ ಬಾಗಿಲು ಹಾಕಿಕೊಂಡು ಎಲೆ ಬಾಚಲು ಹೊರಟರು. ನೆನೆದು ತೊಪ್ಪೆಯಾಗಿದ್ದ ನಾನು ಭಾವನ ಜೊತೆ ಜಗಳಕ್ಕೇ ನಿಂತೆ. ಮುಂದಿನ ವರ್ಷ ಕ್ಲಬ್ಬಿನವರು ಹೀಟರ್ ಇರುವ ಹೊಸ ಟ್ರ್ಯಾಕ್ಟರನ್ನೇ ತರುತ್ತಾರಂತೆ; ಒಂದೇ ಒಂದು ಚಳಿಗಾಲಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಕೂಗಾಡಿದೆ.

ಭಾವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮೈದಾನದ ಕಡೆಗೇ ನೋಡುತ್ತಿದ್ದರು.

“ಅಂವಗ ಇರೂದ ಒಂದು ಚಳಿಗಾಲ, ತಮ್ಮಾ,” ಎಂದರು. “ಅಂವಗೂ ಗೊತ್ತದ.”

ನನಗೆ ನಾಚಿಕೆಯಾಯಿತು, ಈ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ಆ ತುದಿಯಲ್ಲಿ ಟ್ರ್ಯಾಕ್ಟರು ತಿರುಗಿತು. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಿದ್ದ ಅಜ್ಜ, ಮಂಜು ಕವಿದ ಕಿಟಕಿಯನ್ನು ಒಳಗಿನಿಂದ ಅಂಗೈಯಲ್ಲಿ ಒರೆಸಿ ನಮಗೆ ಕೈ ಬೀಸಿದರು. ಭಾವನೂ ನಾನೂ ಮಳೆಯಲ್ಲೇ ನಿಂತು, ಅವರು ಮತ್ತೆ ಅತ್ತ ತಿರುಗುವವರೆಗೂ ಕೈ ಬೀಸಿದೆವು.